ಹಳೆಯ ಜಾವಾಕ್ಕೆ ಹೊಸ ಜೀವ: ಹವ್ಯಾಸವೂ ಹೌದು, ಹೊಣೆಯೂ ಹೌದು

ದುಡಿಮೆಗೆಂದು ಕೊಂಡ ಯಂತ್ರವೊಂದು ದುಡಿಮೆ ಮುಗಿದ ಬಳಿಕವೂ ಮನೆಯವರ ಮನಸ್ಸಿನಿಂದ ಇಳಿಯದೇ ಉಳಿಯುವುದುಂಟು. ಅಮೆರಿಕದಲ್ಲಿ 1950 ಮತ್ತು 60ರ ದಶಕಗಳಲ್ಲಿ ಮನೆಯಂಗಳದ ಹುಲ್ಲು ಕತ್ತರಿಸಲು, ಹಿಮ ಸರಿಸಲು ಬಳಕೆಯಲ್ಲಿದ್ದ ವೀಲ್ ಹಾರ್ಸ್, ಕಬ್ ಕೆಡೆಟ್ ಮೊದಲಾದ ಪುಟ್ಟ ತೋಟದ ಟ್ರ್ಯಾಕ್ಟರುಗಳನ್ನು ಅಲ್ಲಿನ ಹವ್ಯಾಸಿಗಳು ಇಂದಿಗೂ ಹುಡುಕಿ ತಂದು, ಬಿಚ್ಚಿ, ಬಣ್ಣ ಬಳಿದು, ತಮಗೊಪ್ಪುವಂತೆ ಮಾರ್ಪಡಿಸಿಕೊಂಡು ಸಂತೋಷಪಡುತ್ತಾರೆ. ನಮ್ಮ ನಾಡಿನಲ್ಲಿ ಅಂತಹ ಟ್ರ್ಯಾಕ್ಟರುಗಳ ಬಳಕೆ ಬೆಳೆಯಲಿಲ್ಲ. ನಮ್ಮ ಗದ್ದೆಗಳಿಗೆ ಒದಗಿಬಂದದ್ದು ಕೈಯಲ್ಲಿ ಹಿಡಿದು ನಡೆಸುವ ಟಿಲ್ಲರು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಅದನ್ನು ನಮ್ಮ ರೈತರಿಗೆ ತಲುಪಿಸಿತು. ಆದರೆ ಟಿಲ್ಲರು ನಮಗೆ ಉಳುವ ಎತ್ತಿನ ಸಮಾನ. ಆಯುಧಪೂಜೆಯಂದು ಹೂವು ಕುಂಕುಮ, ಸವೆದ ಮೇಲೆ ಗುಜರಿ. ಕನ್ನಡಿಗರು ತಮ್ಮ ಹವ್ಯಾಸದ ಅಕ್ಕರೆಯನ್ನೆಲ್ಲ ಧಾರೆಯೆರೆದದ್ದು ಬೇರೊಂದು ಯಂತ್ರಕ್ಕೆ. ಅದೇ ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್.

ಕಾಮೋಠೆಯಲ್ಲಿ ನೆಲೆ ನಿಂತಿರುವ ನಮ್ಮಂತಹ ಕುಟುಂಬಗಳಿಗೆ ಇದು ದೂರದ ವಿಷಯವಲ್ಲ. ಊರಮನೆಯ ಕೊಟ್ಟಿಗೆಯಲ್ಲೋ ಚಾವಡಿಯ ಮಗ್ಗುಲಲ್ಲೋ ತಂದೆಯವರ ಅಥವಾ ಮಾವನವರ ಜಾವಾ ಒಂದು ಟಾರ್ಪಾಲಿನ ಕೆಳಗೆ ನಿಂತಿರುವ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ. ಆಸ್ತಿ ಪಾಲಾಗುವಾಗ, ಮನೆ ಕೆಡಹುವಾಗ ಆ ಗಾಡಿಯ ಪ್ರಶ್ನೆ ಎದುರಾಗುತ್ತದೆ. ತೂಕಕ್ಕೆ ಮಾರಿಬಿಡುವುದೋ, ಇಲ್ಲಿಗೆ ತಂದು ಓಡಿಸುವುದೋ? ತಂದರೆ ಇದ್ದಂತೆಯೇ ಉಳಿಸುವುದೋ, ಇಂದಿನ ರುಚಿಗೆ ತಕ್ಕಂತೆ ಬದಲಿಸುವುದೋ? ಈ ನಿರ್ಧಾರಕ್ಕೆ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೈಸೂರಿಗೆ ಬಂದ ಬಗೆ

ಜಾವಾ ಹುಟ್ಟಿದ್ದು ಅಂದಿನ ಚೆಕೊಸ್ಲೊವಾಕಿಯಾದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದರು. ತಮ್ಮ ಹೆಸರಿನ ಮೊದಲ ಎರಡು ಅಕ್ಷರಗಳಿಗೆ ವಾಂಡರರ್‌ನ ಮೊದಲ ಎರಡು ಅಕ್ಷರಗಳನ್ನು ಜೋಡಿಸಿ ‘ಜಾವಾ’ ಎಂದು ಹೆಸರಿಟ್ಟರು.

ಇರಾನಿ ಮನೆತನದ ರುಸ್ತುಂ ಮತ್ತು ಫರ್ರೂಖ್ ಅವರ ಪ್ರಯತ್ನದಿಂದ 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆ ಆರಂಭವಾಯಿತು. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಅವರು ಉದ್ಘಾಟಿಸಿದರು. 1970ರ ದಶಕದಲ್ಲಿ ಇದೇ ಗಾಡಿಗಳು ‘ಯೆಜ್ಡಿ’ ಎಂಬ ಹೆಸರಿನಿಂದ ಹೊರಬರತೊಡಗಿದವು. ಪಾರಸಿ ಮತದ ಪ್ರಾಚೀನ ನೆಲೆಯಾದ ಇರಾನಿನ ಯಾಜ್ದ್ ನಗರದಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. 1978ರಲ್ಲಿ ರೋಡ್‌ಕಿಂಗ್ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡುವ ಜಪಾನೀ ತಂತ್ರಜ್ಞಾನದ ಗಾಡಿಗಳ ಪೈಪೋಟಿ, ಬಿಗಿಯಾದ ಹೊಗೆ ನಿಯಮಗಳು, ಸಂಸ್ಥೆಯೊಳಗಿನ ತೊಡಕುಗಳು ಎಲ್ಲವೂ ಸೇರಿ ಒಂದು ಯುಗ ಮುಗಿಯಿತು.

2018ರ ನವೆಂಬರಿನಲ್ಲಿ ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಜಾವಾ ಹೆಸರನ್ನೂ, 2022ರ ಜನವರಿಯಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಆದರೆ ಹೊಸವು ನಾಲ್ಕು ಸ್ಟ್ರೋಕಿನ, ನೀರಿನಿಂದ ತಣಿಯುವ ಎಂಜಿನಿನ ಗಾಡಿಗಳು. ಹೆಸರು ಒಂದೇ ಆದರೂ ಒಳಗಿನ ಯಂತ್ರ ಬೇರೆ. ಹಳೆಯ ಗಾಡಿಗೆ ಹೊಸದರ ಬಿಡಿಭಾಗ ಹೊಂದುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಯಂತ್ರದ ಸ್ವಭಾವ

ಹಳೆಯ ಜಾವಾದ ಎಂಜಿನು ಎರಡು ಸ್ಟ್ರೋಕಿನದು. ಸುಮಾರು 250 ಸಿ.ಸಿ., ಒಂದೇ ಸಿಲಿಂಡರು, ಆದರೆ ಹೊಗೆಕೊಳವೆ ಎರಡು. ಗೇರು ಬದಲಿಸುವ ಸನ್ನೆಯೇ ಕಿಕ್ಕರ್ ಕೂಡ ಹೌದು. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಗಾಡಿ ಚಾಲೂ ಮಾಡುವ ಕಿಕ್ಕರ್ ಆಗುತ್ತದೆ. ಸನ್ನೆಯನ್ನು ಕಾಲಿನಿಂದ ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಡಿಸಿಕೊಳ್ಳುವ ಏರ್ಪಾಡೂ ಇದರಲ್ಲಿತ್ತು. ಆ ಕಾಲಕ್ಕೆ ಇದು ಅಪೂರ್ವ.

ಎರಡು ಸ್ಟ್ರೋಕಿನ ಎಂಜಿನಿಗೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು. ಲೀಟರಿಗೆ ಸುಮಾರು 40 ಮಿಲಿಲೀಟರ್ ಎಂಬುದು ಹಳಬರ ಲೆಕ್ಕ. ಪಿಸ್ಟನ್ನು ಮತ್ತು ಕ್ರ್ಯಾಂಕಿಗೆ ಬೇರೆ ಎಣ್ಣೆಯಿಲ್ಲ. ಬೆರೆಸುವುದನ್ನು ಮರೆತರೆ ಪಿಸ್ಟನ್ನು ಬಿಸಿಯೇರಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಹೀಗೆ ಉರಿದ ಎಣ್ಣೆಯ ಮಸಿ ಸೈಲೆನ್ಸರಿನೊಳಗೆ ಕಟ್ಟುತ್ತದೆ. ಆಗ ಗಾಡಿ ಏರು ಹತ್ತಲು ಏದುಸಿರು ಬಿಡುತ್ತದೆ. ಒಳಗಿನ ಕೊಳವೆಯನ್ನು ಹೊರತೆಗೆದು ಮಸಿ ಕೆರೆದರೆ ಹೋದ ಬಲ ಮರಳಿ ಬರುತ್ತದೆ. ಎಂಜಿನೇ ಹೋಯಿತೆಂದು ಕೈಬಿಟ್ಟ ಎಷ್ಟೋ ಗಾಡಿಗಳ ರೋಗ ಇಷ್ಟೇ.

ವರ್ಷಗಳ ಕಾಲ ನಿಂತಿದ್ದ ಗಾಡಿಯನ್ನು ಕಂಡೊಡನೆ ಕಿಕ್ ಹೊಡೆಯಬಾರದು. ಮೊದಲು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಸಿಲಿಂಡರಿನೊಳಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಒಂದು ದಿನ ಕಾಯಬೇಕು. ಆ ಮೇಲೆ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಚೆಲ್ಲಿ, ತುಕ್ಕು ತೊಳೆದು, ಕಾರ್ಬೊರೇಟರ್ ಬಿಚ್ಚಿ ಸ್ವಚ್ಛಗೊಳಿಸಬೇಕು. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳು ಒಣಗಿ ಗಟ್ಟಿಯಾಗಿರುತ್ತವೆ. ಅವನ್ನು ಬದಲಿಸದೆ ದೂರ ಓಡಿಸುವುದು ಅಪಾಯ. ಇಷ್ಟು ತಾಳ್ಮೆ ತೋರಿದರೆ ಸಾವಿರಾರು ರೂಪಾಯಿಯ ನಷ್ಟ ತಪ್ಪುತ್ತದೆ.

ಉಳಿಸುವವರು, ಬದಲಿಸುವವರು

ಹವ್ಯಾಸಿಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಮೊದಲಿನವರು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಇರಬೇಕೆನ್ನುವವರು. ಟ್ಯಾಂಕಿನ ಮೇಲಿನ ಗೆರೆ, ರಬ್ಬರ್ ಹಿಡಿಕೆ, ನಟ್ಟು ಬೋಲ್ಟಿನ ತಲೆಯ ಗುರುತು ಎಲ್ಲವೂ ಅಸಲಾಗಿರಬೇಕೆಂದು ವರ್ಷಗಟ್ಟಲೆ ಹುಡುಕುತ್ತಾರೆ. ಎರಡನೆಯವರು ನೋಟವನ್ನು ಕೆಡಿಸದೆ ಸೌಕರ್ಯ ಹೆಚ್ಚಿಸಿಕೊಳ್ಳುವವರು. ಆರು ವೋಲ್ಟಿನ ಮಂದ ದೀಪದ ಬದಲಿಗೆ ಹನ್ನೆರಡು ವೋಲ್ಟಿನ ವ್ಯವಸ್ಥೆ, ಸವೆಯುವ ಪಾಯಿಂಟಿನ ಬದಲಿಗೆ ಎಲೆಕ್ಟ್ರಾನಿಕ್ ಇಗ್ನಿಷನ್, ಹೀಗೆ. ಮೂರನೆಯವರು ಚೌಕಟ್ಟಿನ ಹಿಂಬದಿಯನ್ನು ಕತ್ತರಿಸಿ, ಅಗಲವಾದ ಟೈರು ತೊಡಿಸಿ, ಹಿಡಿಕೆಯನ್ನು ಬಾಗಿಸಿ ಬೇರೆಯೇ ಒಂದು ರೂಪ ಕೊಡುವವರು.

ಯಾವುದು ಸರಿ ಎಂಬ ಜಗಳ ಹವ್ಯಾಸಿಗಳ ನಡುವೆ ಮುಗಿಯುವಂಥದ್ದಲ್ಲ. ಅವರವರ ಗಾಡಿ, ಅವರವರ ಅಭಿರುಚಿ. ಆದರೂ ನಮಗೆ ಸರಿಯೆಂದು ತೋರುವ ಒಂದು ಸೂತ್ರವಿದೆ. ಮಾಡಿದ ಬದಲಾವಣೆಯನ್ನು ಮುಂದೊಂದು ದಿನ ಹಿಂದಕ್ಕೆ ತಿರುಗಿಸಲು ಸಾಧ್ಯವಿರಬೇಕು. ಬೋಲ್ಟು ಬಿಚ್ಚಿ ಜೋಡಿಸಿದ್ದನ್ನು ಬಿಚ್ಚಿ ತೆಗೆಯಬಹುದು. ಗರಗಸದಿಂದ ಕತ್ತರಿಸಿದ್ದು ಮರಳಿ ಬಾರದು. ಆದ್ದರಿಂದ ಕಳಚಿದ ಅಸಲು ಭಾಗವನ್ನು, ಅದು ಸವೆದದ್ದೇ ಆಗಿರಲಿ, ಎಣ್ಣೆ ಸವರಿ ಚೀಟಿ ಕಟ್ಟಿ ಒಂದು ಗೋಣಿಚೀಲದಲ್ಲಿ ತೆಗೆದಿಡಬೇಕು. ನಾಳೆ ಮಗನೋ ಮೊಮ್ಮಗಳೋ ಅಜ್ಜನ ಗಾಡಿಯನ್ನು ಅಜ್ಜನ ಕಾಲದ ರೂಪದಲ್ಲಿಯೇ ನೋಡಬೇಕೆಂದು ಬಯಸಿದರೆ ಆ ಚೀಲವೇ ಆಧಾರ.

ಕಾನೂನು ಕೂಡ ಈ ಕಡೆಗೇ ಬೆರಳು ತೋರಿಸುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು.

ಕಾಗದಪತ್ರವೇ ಮೊದಲ ಬಿಡಿಭಾಗ

ಬ್ಯಾಂಕಿನ ಮೇಜಿನ ಮುಂದೆ ಕುಳಿತು ದಾಖಲೆಗಳನ್ನು ತಿರುವುವುದೇ ಕಸುಬಾಗಿರುವ ನಮಗೆ ಈ ಹವ್ಯಾಸದಲ್ಲಿ ಹೆಚ್ಚು ಚಿಂತೆ ಹುಟ್ಟಿಸುವುದು ತುಕ್ಕಲ್ಲ, ಕಾಗದ. ಗಾಡಿಗೆ ಬಣ್ಣ ಬಳಿಯುವ ಮೊದಲು ಆರ್.ಸಿ. ಪುಸ್ತಕವನ್ನು ಹುಡುಕಬೇಕು. ಅದರಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಗಾಡಿಯ ಮೇಲಿನ ಸಂಖ್ಯೆಗಳಿಗೆ ತಾಳೆಯಾಗುತ್ತವೆಯೇ ಎಂದು ನೋಡಬೇಕು. ದಪ್ಪ ಬಣ್ಣವೋ ಮರಳಿನ ಉಜ್ಜುವಿಕೆಯೋ ಆ ಸಂಖ್ಯೆಗಳನ್ನು ಅಳಿಸದಂತೆ ಎಚ್ಚರ ವಹಿಸಬೇಕು.

ಒಡೆಯರು ತೀರಿಕೊಂಡಿದ್ದರೆ ವಾರಸುದಾರರು ನಮೂನೆ 31ರ ಮೂಲಕ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇದಕ್ಕೆ ಮೂರು ತಿಂಗಳ ಅವಧಿಯಿದೆ. ಮೀರಿದ್ದರೆ ದಂಡ ತೆರಬೇಕಾಗಬಹುದು. ಅಣ್ಣತಮ್ಮಂದಿರ ಒಪ್ಪಿಗೆಯನ್ನು ಪ್ರೀತಿಯಿರುವಾಗಲೇ ಬರೆಹದಲ್ಲಿ ಪಡೆಯುವುದು ಮೇಲು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಕರ್ನಾಟಕದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇರಿಸಿಕೊಳ್ಳುವುದಾದರೆ ಊರಿನ ಸಾರಿಗೆ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿನ ತೆರಿಗೆ ಕಟ್ಟಿ, ಪನವೇಲ್ ಕಚೇರಿಯಲ್ಲಿ ಎಂ.ಎಚ್. 46 ಸಂಖ್ಯೆ ಪಡೆಯಬೇಕು. ಆಗ ತಂದೆಯವರ ಕಾಲದ ಮೈಸೂರು ಸಂಖ್ಯೆ ಕೈಬಿಡುತ್ತದೆ. ಹಲವರಿಗೆ ಮನಸ್ಸು ನೋಯುವುದು ಇಲ್ಲಿಯೇ.

ಇದಕ್ಕೆ ಇನ್ನೊಂದು ದಾರಿ 2021ರ ಜುಲೈಯಲ್ಲಿ ತೆರೆಯಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಮೈಕಟ್ಟು, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಿಲ್ಲದ ವಾಹನವನ್ನು ಕೇಂದ್ರ ಸರಕಾರವು ‘ವಿಂಟೇಜ್’ ಎಂದು ಮಾನ್ಯ ಮಾಡಿತು. ಈಗಾಗಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ನೋಂದಣಿ ಹತ್ತು ವರ್ಷಕ್ಕೆ ಊರ್ಜಿತ; ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವೆಂದು ನಿಗದಿಯಾಯಿತು. ಆದರೆ ಒಂದು ಕಟ್ಟಳೆ: ಇಂತಹ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವಿಕೆ ಮೊದಲಾದವಕ್ಕೆ ಮಾತ್ರ ರಸ್ತೆಗಿಳಿಸಬಹುದು.

ಜಾವಾ ಹೆಸರಿನ ಹಳೆಯ ಗಾಡಿಗಳು ಈಗಾಗಲೇ ಐವತ್ತನ್ನು ದಾಟಿವೆ. 1978ರ ರೋಡ್‌ಕಿಂಗ್ 2028ಕ್ಕೆ ಆ ಸಾಲು ಸೇರುತ್ತದೆ. ಇಂದು ಹುಮ್ಮಸ್ಸಿನಲ್ಲಿ ಚೌಕಟ್ಟು ಕತ್ತರಿಸಿದವರು ಅಂದು ಈ ಮಾನ್ಯತೆಯನ್ನು ಕೇಳುವಂತಿಲ್ಲ. ಗರಗಸ ಕೈಗೆತ್ತಿಕೊಳ್ಳುವ ಮುನ್ನ ಇದನ್ನು ನೆನೆಯುವುದು ಹಿತ.

ಖರ್ಚಿನ ಬಗ್ಗೆಯೂ ಒಂದು ಮಾತು. ಸಿಲಿಂಡರು ಕೊರೆಸುವುದು, ಕ್ರ್ಯಾಂಕು, ಕ್ರೋಮು, ಬಣ್ಣ ಎಂದು ಕೂಡುತ್ತ ಹೋದಂತೆ ಮೊತ್ತ ಬೆಳೆಯುತ್ತದೆ. ಇದನ್ನು ಹೂಡಿಕೆಯೆಂದು ಬಗೆದು ಕೈಹಾಕುವುದು ಬೇಡ. ಮನೆಯ ಆಯವ್ಯಯದಲ್ಲಿ ಇದು ಯಾತ್ರೆಯ ಖರ್ಚಿನಂತೆ. ಹಣವಾಗಿ ಮರಳುವುದೆಂಬ ಖಾತರಿಯಿಲ್ಲ.

ನಮ್ಮ ಹವೆ, ನಮ್ಮ ಪೆಟ್ರೋಲು, ನಮ್ಮ ನೆರೆಹೊರೆ

ಪನವೇಲ್ ಖಾರಿಯ ಬದಿಯ ಕಾಮೋಠೆಯಲ್ಲಿ ಗಾಳಿಯೇ ಉಪ್ಪು. ನಾಲ್ಕು ತಿಂಗಳ ಮಳೆಗಾಲದಲ್ಲಿ ಕಟ್ಟಡದ ಕೆಳಗೆ ನಿಲ್ಲಿಸಿದ ಗಾಡಿಗೂ ತುಕ್ಕು ತಪ್ಪುವುದಿಲ್ಲ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಹತ್ತಿಯ ಬಟ್ಟೆ ಲೇಸು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಬರಿದು ಮಾಡುವುದು, ರಬ್ಬರ್ ಕೊಳವೆಗಳನ್ನು ಹೊಸ ಕಾಲದವಕ್ಕೆ ಬದಲಿಸುವುದು ಅಗತ್ಯ.

ನೀಲಿ ಹೊಗೆ ಮತ್ತು ಡುಗುಡುಗು ಸದ್ದು ನಮಗೆ ಸಂಗೀತವಾದರೂ ಮೊದಲ ಮಾಳಿಗೆಯ ನೆರೆಯವರಿಗೆ ಹಾಗೆನಿಸಬೇಕಿಲ್ಲ. ಮುಂಜಾನೆ ಗಾಡಿಯನ್ನು ಗೇಟಿನಾಚೆ ತಳ್ಳಿಕೊಂಡು ಹೋಗಿ ಚಾಲೂ ಮಾಡುವುದು, ಒಳ್ಳೆಯ ಎಣ್ಣೆ ಬಳಸುವುದು, ಸೈಲೆನ್ಸರಿನ ಒಳಕೊಳವೆಯನ್ನು ಕಿತ್ತೆಸೆಯದಿರುವುದು ಸಭ್ಯತೆಯ ಲಕ್ಷಣ.

ಉಳಿಯಬೇಕಾದ ಕೈಗಳು

ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವ ರೂಢಿಯಿದೆ. ಬೆಂಗಳೂರು, ಮೈಸೂರುಗಳಲ್ಲಿ ಅಂದು ಹಳೆಯ ಗಾಡಿಗಳು ಸಾಲುಗಟ್ಟುತ್ತವೆ. ಅಲ್ಲಿ ನಿಜವಾಗಿ ಬೆಲೆಬಾಳುವುದು ಹೊಳೆಯುವ ಕ್ರೋಮಲ್ಲ. ಕಿವಿಯಿಂದಲೇ ಟೈಮಿಂಗ್ ದೋಷವನ್ನು ಗುರುತಿಸಬಲ್ಲ ಹಿರಿಯ ಮೆಕ್ಯಾನಿಕ್‌ಗಳ ಅನುಭವ. ಕಾರ್ಖಾನೆ ಮುಚ್ಚಿ ಮೂರು ದಶಕಗಳಾದವು. ಆ ಪೀಳಿಗೆಯ ಕೈಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತಿವೆ. ಬಿಡಿಭಾಗವನ್ನು ಮತ್ತೆ ಎರಕ ಹೊಯ್ಯಬಹುದು, ಆ ಅರಿವನ್ನು ಹೊಯ್ಯಲಾಗದು.

ಊರಿಗೆ ಹೋದಾಗ ಗಾಡಿಯನ್ನು ಗುಜರಿಯವನಿಗೆ ತೋರಿಸುವ ಮುನ್ನ ಅದನ್ನು ಬಲ್ಲ ಒಬ್ಬ ಹಿರಿಯ ಮೆಕ್ಯಾನಿಕ್‌ಗೆ ತೋರಿಸೋಣ. ಅವರು ಬಿಚ್ಚುವಾಗ ಮನೆಯ ಮಕ್ಕಳನ್ನು ಬಳಿಯಲ್ಲಿ ಕೂರಿಸಿ, ಪಾನಾ ಹಿಡಿಯುವುದನ್ನು ಕಲಿಸೋಣ. ಆ ಮೇಲೆ ಗಾಡಿ ಇಲ್ಲಿಗೇ ಬರಲಿ, ಊರಿನಲ್ಲಿಯೇ ಉಳಿಯಲಿ, ತಿಂಗಳಿಗೊಮ್ಮೆಯಾದರೂ ಅದು ಓಡಲಿ. ಹಳೆಯ ಯಂತ್ರವನ್ನು ಕೆಡಿಸುವುದು ಓಟಕ್ಕಿಂತ ಹೆಚ್ಚಾಗಿ ನಿಲುಗಡೆ.