ಸಂಗಾತಿಯ ಹಿಂಸೆ ಮತ್ತು ಯುವತಿಯರ ಸಂತಾನೋತ್ಪತ್ತಿ ಆರೋಗ್ಯ

ಪತಿ ಅಥವಾ ಪ್ರಿಯಕರನಿಂದ ಒದಗುವ ದೈಹಿಕ, ಲೈಂಗಿಕ ಹಾಗೂ ಮಾನಸಿಕ ಹಿಂಸೆಯು ಯುವತಿಯರ ಗರ್ಭಧಾರಣೆ, ಹೆರಿಗೆ ಮತ್ತು ಗರ್ಭನಿರೋಧಕಗಳ ಬಳಕೆಯ ಮೇಲೆ ನೇರ ಪರಿಣಾಮ ಬೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ, ಸಂಗಾತಿಯನ್ನು ಹೊಂದಿದ್ದ 15ರಿಂದ 19 ವರ್ಷದ ಹುಡುಗಿಯರಲ್ಲಿ ಸುಮಾರು ನಾಲ್ವರಿಗೆ ಒಬ್ಬಳು ಆತನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾಗಿದ್ದಾಳೆ.

ಗರ್ಭಧಾರಣೆಯ ಒತ್ತಾಯ

ಹಿಂಸೆಯೆಂದರೆ ಹೊಡೆತ ಮಾತ್ರ ಎಂದು ಭಾವಿಸಿದರೆ ವಿಷಯದ ಅರ್ಧಭಾಗ ಕಾಣದೆ ಉಳಿಯುತ್ತದೆ. ಬಸಿರಾಗುವ ನಿರ್ಧಾರವನ್ನು ಹೆಣ್ಣಿನ ಕೈಯಿಂದ ಕಸಿದುಕೊಳ್ಳುವುದೂ ಹಿಂಸೆಯೇ. ಮಾತ್ರೆಗಳನ್ನು ಎಸೆಯುವುದು, ಕಾಂಡೋಮನ್ನು ಬೇಕೆಂದೇ ಹರಿಯುವುದು, ಬಸಿರಾಗದಿದ್ದರೆ ಬಿಟ್ಟುಬಿಡುವೆನೆಂದು ಬೆದರಿಸುವುದು ಇದರ ಬಗೆಗಳು. ಎಲಿಜಬೆತ್ ಮಿಲ್ಲರ್ ಮತ್ತು ಸಹೋದ್ಯೋಗಿಗಳು ಉತ್ತರ ಕ್ಯಾಲಿಫೋರ್ನಿಯಾದ ಐದು ಕುಟುಂಬ ಯೋಜನಾ ಚಿಕಿತ್ಸಾಲಯಗಳಿಗೆ ಬಂದ, 16ರಿಂದ 29 ವಯಸ್ಸಿನ ಸುಮಾರು 1,300 ಮಹಿಳೆಯರನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ. 53ರಷ್ಟು ಮಂದಿ ಸಂಗಾತಿಯ ಹಿಂಸೆಯನ್ನೂ, ಶೇ. 19ರಷ್ಟು ಮಂದಿ ಬಸಿರಾಗುವ ಒತ್ತಾಯವನ್ನೂ, ಶೇ. 15ರಷ್ಟು ಮಂದಿ ಗರ್ಭನಿರೋಧಕಗಳನ್ನು ಕೆಡಿಸಿದ್ದನ್ನೂ ತಿಳಿಸಿದ್ದರು. ಇವು ಚಿಕಿತ್ಸಾಲಯಕ್ಕೆ ಬಂದವರ ಅಂಕಿಗಳೇ ಹೊರತು ಇಡೀ ಸಮಾಜದವಲ್ಲ. ಆದರೆ ಹಿಂಸೆಯೂ ಒತ್ತಾಯವೂ ಒಂದಾದೆಡೆ ಬಯಸದ ಬಸಿರು ಹೆಚ್ಚಾಗಿದ್ದುದು ಗಮನಾರ್ಹ. ಸಂಗಾತಿಯ ಕಣ್ಣಿಗೆ ಬೀಳದ ಚುಚ್ಚುಮದ್ದು ಅಥವಾ ವಂಕಿಯಂಥ ವಿಧಾನಗಳನ್ನು ಇಂಥವರಿಗೆ ವೈದ್ಯರು ಸೂಚಿಸುವುದು ಈ ಕಾರಣದಿಂದಲೇ.

ದೇಹದ ಮೇಲಿನ ಪರಿಣಾಮ

ಗರ್ಭಿಣಿಯ ಹೊಟ್ಟೆಗೆ ಪೆಟ್ಟು ಬಿದ್ದಾಗ ಗರ್ಭಪಾತವಾಗಬಹುದು, ಮಾಸು ಅಕಾಲದಲ್ಲಿ ಕಳಚಿಕೊಳ್ಳಬಹುದು. ಕಾಂಡೋಮ್ ಬಳಸೆಂದು ಹೇಳಲಾಗದವಳಿಗೆ ಲೈಂಗಿಕ ಸೋಂಕುಗಳ ಅಪಾಯ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ 2013ರ ವರದಿಯ ಪ್ರಕಾರ, ಹಿಂಸೆಗೊಳಗಾದವರಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಶೇ. 16ರಷ್ಟು ಅಧಿಕ.

ಭಾರತದಲ್ಲಿ

ಇಲ್ಲಿ ಈ ಹಿಂಸೆ ಬಹುಪಾಲು ದಾಖಲಾಗುವುದು ವಿವಾಹದ ಒಳಗೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ಪತಿಯ ಹಿಂಸೆಯನ್ನು ಅನುಭವಿಸಿದ್ದಾಗಿ ತಿಳಿಸಿದ ವಿವಾಹಿತೆಯರ ಪ್ರಮಾಣ ದೇಶದಲ್ಲಿ ಶೇ. 29ರಷ್ಟಿದ್ದರೆ, ಕರ್ನಾಟಕದಲ್ಲಿ ಶೇ. 44ರಷ್ಟಿತ್ತು. ಹಿಂದಿನ ಸಮೀಕ್ಷೆಯಲ್ಲಿ ರಾಜ್ಯದ ಪ್ರಮಾಣ ಶೇ. 21ರ ಆಸುಪಾಸಿನಲ್ಲಿತ್ತು. ಈ ಏರಿಕೆಯನ್ನೆಲ್ಲ ಹಿಂಸೆಯ ಹೆಚ್ಚಳವೆಂದೇ ಓದಬೇಕಾಗಿಲ್ಲ; ಹೇಳಿಕೊಳ್ಳುವ ಧೈರ್ಯ ಬೆಳೆದರೂ ಅಂಕಿ ಏರುತ್ತದೆ. ತಪಾಸಣೆಗೆ ಬಂದ ಎಳೆಯ ಸೊಸೆಯ ಪರವಾಗಿ ಜೊತೆಗೆ ಬಂದವರೇ ಉತ್ತರ ಹೇಳುವಲ್ಲಿ ಅಂಥ ಧೈರ್ಯಕ್ಕೆ ಎಡೆಯಿರದು.

1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಡಿ ವಯಸ್ಕ ಸ್ತ್ರೀಯ ಒಪ್ಪಿಗೆಯೊಂದೇ ಸಾಕು. ಪತಿಯ ಸಹಿ ಬೇಕಿಲ್ಲ. 18 ತುಂಬದವಳಾದರೆ ಪೋಷಕರ ಲಿಖಿತ ಒಪ್ಪಿಗೆ ಅಗತ್ಯ. ಪತಿಯ ಬಲಾತ್ಕಾರದಿಂದಾದ ಬಸಿರನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರದಿಂದಾದುದೆಂದೇ ಪರಿಗಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರ್ 29ರಂದು ತೀರ್ಪಿತ್ತಿತು. ನೆರವು ಬೇಡುವವರಿಗೆ ಮಹಿಳಾ ಸಹಾಯವಾಣಿಯ ಸಂಖ್ಯೆ 181.