ಓಲೆಗರಿಗಳ ಸೂಕ್ಷ್ಮಲಿಪಿಯ ಛಾಯಾಗ್ರಹಣ: ಮನೆಯಲ್ಲಿಯೇ ಸಿದ್ಧಪಡಿಸಬಹುದಾದ ಉಪಕರಣಗಳು

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕರಾವಳಿಯು ಕನ್ನಡ ವಾಙ್ಮಯಕ್ಕೆ ಅಪರಿಚಿತವಾದ ಸೀಮೆಯಲ್ಲ. ಕ್ರಿ. ಶ. ೧೬೦೪ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಲಂಕದೇವನು ಭಟ್ಕಳದ ಸಮೀಪದ ಹಾಡುವಳ್ಳಿಯ ಮಠಕ್ಕೆ ಸಂಬಂಧಪಟ್ಟವನು, ಹೊನ್ನಾವರ ತಾಲೂಕಿನ ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ಅರಿಯದ ವಿದ್ವಾಂಸರಿಲ್ಲ. ಈ ಸೀಮೆಯ ಶಿಲಾಶಾಸನಗಳಲ್ಲಿ ಅನೇಕವು ಅಚ್ಚಿಗೆ ಬಂದಿವೆ. ಮನೆಗಳ ಅಟ್ಟದ ಮೇಲೆಯೂ ದೇವರ ಪೆಟ್ಟಿಗೆಯಲ್ಲಿಯೂ ಉಳಿದ ಓಲೆಯ ಕಟ್ಟುಗಳ ಗತಿ ಬೇರೆ. ಮನೆಯವರು ಅವನ್ನು ಹೊರಗೆ ಕೊಡಲೊಪ್ಪರು, ಅದು ಸಹಜವೂ ಹೌದು. ಇತ್ತ ಕಡಲ ತೇವವೂ ಹುಳುವೂ ತಡೆಯುವದಿಲ್ಲ. ಆದ್ದರಿಂದ ಓಲೆ ಇದ್ದಲ್ಲಿಗೇ ಹೋಗಿ ಚಿತ್ರ ತೆಗೆಯುವದೊಂದೇ ಮಾರ್ಗ.

ಪಾಠಸಂಶಯಗಳಲ್ಲಿ ಬಹಳಷ್ಟು ಅರ್ಥದಿಂದ ಹುಟ್ಟದೆ ಅಕ್ಷರದ ರೂಪದಿಂದ ಹುಟ್ಟುತ್ತವೆ. ಓಲೆಯ ಬರಹವೆಂದರೆ ಕಂಟದಿಂದ ಕೊರೆದ ಗೀರು. ಅದರೊಳಗಿನ ಮಸಿ ಉದುರಿದರೆ ಅಕ್ಷರವು ಇದ್ದೂ ಕಾಣದು. ದಕಾರಕ್ಕೂ ಧಕಾರಕ್ಕೂ ಭೇದವು ಕೆಳಗಿನ ಸಣ್ಣ ಸೀಳು ಮಾತ್ರವಷ್ಟೆ. ಅದು ಮರೆಯಾದರೆ ಧನವು ದನವಾಗುವದು. ಸೀಳನ್ನು ಬರೆಯದೆಯೇ ಬಿಡುವ ಲಿಪಿಕಾರರೂ ಇದ್ದರು. ಹೀಗಿರುವಲ್ಲಿ ಗೀರು ಇದ್ದು ಮಸಿ ಹೋಗಿದೆಯೋ, ಗೀರೇ ಇಲ್ಲವೋ ಎಂಬುದನ್ನು ನಿಶ್ಚಯಿಸದೆ ‘ಧನ’ ಎಂದು ಅಚ್ಚು ಹಾಕಿದರೆ, ಅದು ಪ್ರತಿಯ ಪಾಠವೋ ಸಂಪಾದಕನ ತಿದ್ದುಪಡಿಯೋ ತಿಳಿಯದು. ನೈಯಾಯಿಕರು ಹೇಳುವ ಸ್ಥಾಣುಪುರುಷಸಂಶಯವೇ ಇದು, ವಿಶೇಷದರ್ಶನವಾಗದೆ ನಿವೃತ್ತವಾಗದು.

ಆ ದರ್ಶನಕ್ಕೆ ಬೆಲೆಯುಳ್ಳ ಮಸೂರವೇ ಬೇಕೆಂದಿಲ್ಲ. ಕ್ಯಾಮೆರಾದ ಸಾಮಾನ್ಯ ಮಸೂರವನ್ನು ಯಂತ್ರದಿಂದ ಸ್ವಲ್ಪ ಮುಂದಕ್ಕೆ ಸರಿಸಿದರೆ ಅದು ಹತ್ತಿರದ ವಸ್ತುವನ್ನು ದೊಡ್ಡದಾಗಿ ತೋರಿಸುವದು. ಸರಿಸಿದ ದೂರವನ್ನು ಮಸೂರದ ನಾಭಿದೂರದಿಂದ ಭಾಗಿಸಿದರೆ ಬಿಂಬದ ಪ್ರಮಾಣ ದೊರೆಯುವದು: ೫೦ ಮಿಲಿಮೀಟರಿನ ಮಸೂರವನ್ನು ೫೦ ಮಿಲಿಮೀಟರು ಸರಿಸಿದರೆ ಬಿಂಬವು ವಸ್ತುವಿನಷ್ಟೇ, ೨೫ ಸರಿಸಿದರೆ ಅದರ ಅರ್ಧ. ಇದಕ್ಕಾಗಿ ನೀರಿನ ಪ್ಲಾಸ್ಟಿಕ್ ಕೊಳವೆಯ ಒಂದು ತುಂಡು ಸಾಕು. ಯಂತ್ರದ ಬಾಯಿಯ ಮುಚ್ಚಳ, ಮಸೂರದ ಹಿಂಬದಿಯ ಮುಚ್ಚಳ ಇವೆರಡರ ನಡುವನ್ನು ದುಂಡಗೆ ಕತ್ತರಿಸಿ ಕೊಳವೆಯ ಎರಡು ತುದಿಗಳಿಗೆ ಅಂಟಿಸಬೇಕು. ಮುಚ್ಚಳಗಳ ದಪ್ಪವನ್ನೂ ಅಳತೆಯಲ್ಲಿ ಹಿಡಿಯಬೇಕು. ಒಳಗೆ ಹೊಳಪಿಲ್ಲದ ಕಪ್ಪು ಕಾಗದವನ್ನು ಹೊದಿಸದಿದ್ದರೆ ಬೆಳಕು ಚೆದರಿ ಚಿತ್ರವು ಮಂಕಾಗುವದು. ಇಂಥ ಕೊಳವೆಯಲ್ಲಿ ವಿದ್ಯುತ್ಸಂಪರ್ಕವಿಲ್ಲದ ಕಾರಣ, ರಂಧ್ರವನ್ನು ಕೈಯಿಂದಲೇ ತಿರುಗಿಸುವ ಬಳೆಯುಳ್ಳ ಹಳೆಯ ಮಸೂರವೇ ಉತ್ತಮ.

ಪೂರ್ಣಪ್ರಮಾಣಕ್ಕೆ ಆಸೆಪಡಬಾರದೆಂದು ನನ್ನ ಮತ. ೩೬ ಮಿಲಿಮೀಟರು ಅಗಲದ ಗ್ರಾಹಕಫಲಕವುಳ್ಳ ಯಂತ್ರದಲ್ಲಿ, ರಂಧ್ರವು ಎಫ್ ೮ ಇರುವಾಗ, ಪೂರ್ಣಪ್ರಮಾಣದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು ೧ ಮಿಲಿಮೀಟರು ಮಾತ್ರ. ಓಲೆಯು ಎಂದೂ ಸಮತಟ್ಟಾಗಿರದು. ಸಾಲಿನ ಒಂದು ಕೊನೆ ಸ್ಪಷ್ಟವಾದರೆ ಮತ್ತೊಂದು ಮಸುಕಾಗುವದು. ಅರ್ಧಪ್ರಮಾಣದಲ್ಲಿ ಆ ಆಳವು ಸುಮಾರು ೩ ಮಿಲಿಮೀಟರಾಗುವದಲ್ಲದೆ, ಸಾಮಾನ್ಯ ಓಲೆಯ ಅಗಲವೆಲ್ಲ ಒಂದೇ ಚಿತ್ರದಲ್ಲಿ ಅಡಗುವದು.

ಕೊಳವೆಗಿಂತ ಮುಖ್ಯವಾದದ್ದು ಬೆಳಕು. ನೇರವಾಗಿ ಮೇಲಿನಿಂದ ಬಿದ್ದ ಬೆಳಕು ಮಸಿಯನ್ನು ತೋರಿಸುವದೇ ಹೊರತು ಗೀರನ್ನಲ್ಲ. ಬಿಸಿಯಾಗದ ಎಲ್‌ಇಡಿ ದೀಪವನ್ನು ಓಲೆಯ ಮಟ್ಟಕ್ಕೆ ತಗ್ಗಿಸಿ ಓರೆಯಾಗಿ ಹಾಯಿಸಿದರೆ ಗೀರಿನ ಒಂದು ಅಂಚು ಬೆಳಗಿ ಮತ್ತೊಂದು ನೆರಳಾಗುವದು. ಇಲ್ಲಿ ಒಂದು ಸೂಕ್ಷ್ಮವುಂಟು. ಬೆಳಕಿನ ದಿಕ್ಕಿಗೆ ಸಮಾನಾಂತರವಾದ ಗೀರು ನೆರಳು ಕೊಡದು. ಓಲೆಯ ನಾರುಗಳು ಉದ್ದಕ್ಕೆ ಹರಿದಿರುವದರಿಂದ, ಬೆಳಕನ್ನು ಎಡ ಅಥವಾ ಬಲದ ತುದಿಯಿಂದ ಹಾಯಿಸಿದರೆ ನಾರುಗಳು ಅಡಗಿ, ಧಕಾರದ ಸೀಳಿನಂಥ ಲಂಬರೇಖೆಗಳು ಎದ್ದು ಕಾಣುವವು. ತಲೆಕಟ್ಟನ್ನು ನೋಡಲು ಮೇಲಂಚಿನ ಕಡೆಯಿಂದ ಮತ್ತೊಂದು ಚಿತ್ರ ಬೇಕು; ಅದರಲ್ಲಿ ನಾರಿನ ನೆರಳನ್ನು ಗೀರೆಂದು ಭ್ರಮಿಸುವ ಅಪಾಯವಿದ್ದೇ ಇದೆ. ಎದುರು ಬದಿಯ ಗಾಢವಾದ ನೆರಳನ್ನು ತಿಳಿಗೊಳಿಸಲು ಬಿಳಿಯ ರಟ್ಟಿನ ತುಂಡನ್ನು ನಿಲ್ಲಿಸಿದರೆ ಸಾಕು.

ಹುಳು ಕೊರೆದ ತೂತು ಸೊನ್ನೆಯಂತೆ ಕಾಣುವದೂ ಉಂಟು. ಎರಡು ಮಣೆಗಳ ನಡುವೆ ಗಾಜನ್ನು ಇಟ್ಟು, ಅದರ ಮೇಲೆ ತೆಳುವಾದ ಬಿಳಿಯ ಕಾಗದವನ್ನೂ ಕಾಗದದ ಮೇಲೆ ಓಲೆಯನ್ನೂ ಹಾಸಿ, ಕೆಳಗಿನಿಂದ ಬೆಳಕು ಬಿಟ್ಟರೆ ತೂತು ಬೆಳಗುವದು, ಕೊರೆದ ಸೊನ್ನೆ ಹಾಗೆ ಬೆಳಗದು. ವ್ಯಾಸಪೀಠವು ಪಾರಾಯಣಕ್ಕೆ ಎಷ್ಟೇ ಪೂಜ್ಯವಾದರೂ ಈ ಕೆಲಸಕ್ಕೆ ಒದಗದು. ಓಲೆ ಮಟ್ಟವಾಗಿ ಮಲಗಿರಬೇಕು, ಯಂತ್ರವು ನೇರ ಮೇಲೆ ಅಲುಗದೆ ನಿಂತಿರಬೇಕು. ಓಲೆಯನ್ನು ಒತ್ತಿ ಮಟ್ಟಮಾಡಲು ಹೋಗಬಾರದು, ಒಣಗಿದ ಓಲೆ ಬಿರಿಯುವದು.

ಪ್ರತಿಯೊಂದು ಚಿತ್ರದಲ್ಲಿಯೂ ಮಿಲಿಮೀಟರಿನ ಅಳತೆಪಟ್ಟಿ, ಓಲೆಯ ಸಂಖ್ಯೆ, ಬೆಳಕು ಬಂದ ದಿಕ್ಕಿನ ಗುರುತು ಇರತಕ್ಕದ್ದು. ಓರೆಬೆಳಕಿನಲ್ಲಿ ಮಾತ್ರ ಕಂಡ ಅಕ್ಷರವನ್ನು ಪಾಠಾಂತರದ ಟಿಪ್ಪಣಿಯಲ್ಲಿ ಹಾಗೆಂದೇ ನಮೂದಿಸಬೇಕು.