ನಗಿಸುವ ದುಡಿಮೆ

ನಗಿಸಿ ಗಳಿಸಿದ್ದು ಹಲಾಲೇ ಎಂದು ನಿಪ್ಪಾಣಿ, ಅಥಣಿ ಕಡೆಯ ಹುಡುಗರು ನಮ್ಮನ್ನು ಕೇಳುವುದುಂಟು. ಬೆಂಗಳೂರಿನ ದಾನಿಶ್ ಸೇಠ್ ಅವರ ವೃತ್ತಿಯನ್ನೇ ನೋಡೋಣ.

ಫೀವರ್ 104 ಎಫ್‌ಎಂ ರೇಡಿಯೊದಲ್ಲಿ ಅವರು ಹೆಸರಾದದ್ದು ತಮಾಷೆಯ ಫೋನ್ ಕರೆಗಳಿಂದ. ದನಿ ಬದಲಿಸಿ ಯಾರಿಗೋ ಕರೆ ಮಾಡಿ ಸತಾಯಿಸುವುದು, ಕೊನೆಗೆ ಗುಟ್ಟು ಬಿಡುವುದು. ಆ ಕರೆಗಳಲ್ಲಿ ಹುಟ್ಟಿದ ನೋಗ್‌ರಾಜ್ ಎಂಬ ರಾಜಕಾರಣಿಯ ಪಾತ್ರವೇ 2018ರಲ್ಲಿ ಸಾದ್ ಖಾನ್ ನಿರ್ದೇಶನದಲ್ಲಿ ‘ಹಂಬಲ್ ಪೊಲಿಟಿಷಿಯನ್ ನೋಗ್‌ರಾಜ್’ ಎಂಬ ಕನ್ನಡ ಚಿತ್ರವಾಯಿತು. ಕ್ರಿಕೆಟ್ ನೋಡುವವರಿಗೆ ಅವರು ಆರ್‌ಸಿಬಿಯ ‘ಮಿಸ್ಟರ್ ನ್ಯಾಗ್ಸ್’. 2020ರ ಲಾಕ್‌ಡೌನ್‌ನಲ್ಲಿ ಒಬ್ಬರೇ ಹಲವು ಪಾತ್ರಗಳಾಗಿ ಮನೆಯಿಂದಲೇ ವಿಡಿಯೊ ಮಾಡಿದರು. ಶ್ರಮದ ಕೆಲಸವೇ ಅದು.

ಪ್ರವಾದಿಯವರೂ(ಸ) ವಿನೋದವಾಡುತ್ತಿದ್ದರು, ಸುಳ್ಳಾಡದೆ. ಪ್ರಯಾಣದಲ್ಲಿ ಮಲಗಿದ್ದ ಸಂಗಾತಿಯೊಬ್ಬರ ಹಗ್ಗವನ್ನು ಯಾರೋ ತೆಗೆದುಕೊಂಡಾಗ ಅವರು ಬೆಚ್ಚಿದರು. ಹೀಗೆ ಹೆದರಿಸುವುದು ಸಲ್ಲದೆಂದು ಪ್ರವಾದಿಯವರು(ಸ) ತಿಳಿಸಿದ್ದು ಅಬೂದಾವೂದ್‌ನಲ್ಲಿದೆ.

ಹಾಗಾಗಿ ಭ್ರಷ್ಟ ರಾಜಕಾರಣಿಯ ಪಾತ್ರ ಕಟ್ಟಿ ನಗಿಸುವುದರಲ್ಲಿ ನಮಗೆ ತಪ್ಪು ಕಾಣದು. ಅದು ನಾಟಕವೆಂದು ನೋಡುವವರಿಗೆ ಗೊತ್ತು. ಫೋನ್ ಎತ್ತಿದವನಿಗೆ ಮಾತ್ರ ಗೊತ್ತಿರುವುದಿಲ್ಲ; ಅವನ ಗಾಬರಿ ನಿಜವಾದದ್ದು. ಬ್ಯಾಂಕಿನವರಂತೆ ದನಿ ಮಾಡಿ ಅಜ್ಜನಿಗೆ ಫೋನ್ ಹಚ್ಚುವ ಮಕ್ಕಳೇ, ಅದನ್ನು ರೀಲ್ಸ್‌ಗೆ ಹಾಕುವ ಮುಂಚೆ ಅಜ್ಜನನ್ನೊಮ್ಮೆ ಕೇಳಿರಿ.